ಆರ್-12 ಹೋದ ದಾರಿ

ಟ್ರೇಡಿಗೆ ಬಂದು ಮೂವತ್ತು ವರ್ಷ ದಾಟಿದ ನಮ್ಮ ಮೆಕ್ಯಾನಿಕ್ ಸಂಘದ ಸದಸ್ಯರಿಗೆ ಹ್ಯಾಲೈಡ್ ಟಾರ್ಚಿನ ಪರಿಚಯ ಬೇಕಿಲ್ಲ. ಹುಡುಗರಿಗಾಗಿ ಹೇಳುತ್ತೇನೆ. ಕೆಳಗೊಂದು ಪುಟ್ಟ ಗ್ಯಾಸ್ ಡಬ್ಬಿ, ಮೇಲೆ ತಾಮ್ರದ ತಗಡು ಕೂರಿಸಿದ ಬರ್ನರ್, ಪಕ್ಕದಿಂದ ಇಳಿಬಿದ್ದ ಒಂದು ರಬ್ಬರ್ ಕೊಳವೆ. ಬರ್ನರ್ ಹೊತ್ತಿಸಿ, ಕೊಳವೆಯ ತುದಿಯನ್ನು ಫ್ರಿಜ್ಜಿನ ಹಿಂಬದಿಯ ಜಾಯಿಂಟುಗಳ ಸುತ್ತ ನಿಧಾನವಾಗಿ ಆಡಿಸುತ್ತ ಹೋಗಬೇಕು. ಫ್ರಿಜ್ಜನ್ನು ತಂಪು ಮಾಡುವ ಗ್ಯಾಸು ಆರ್-12 ಎಲ್ಲಿ ಸೋರುತ್ತಿದೆಯೋ ಅಲ್ಲಿ ತೆಳುನೀಲಿ ಜ್ವಾಲೆ ಹಸಿರಾಗುತ್ತಿತ್ತು. ಜೋರಾಗಿ ಸೋರುತ್ತಿದ್ದರೆ ನೇರಳೆಗೆ ತಿರುಗುತ್ತಿತ್ತು. ನಾನು ಐ.ಟಿ.ಐ.ಯಲ್ಲಿ ಎಂ.ಆರ್.ಎ.ಸಿ. (ಫ್ರಿಜ್, ಎ.ಸಿ. ಮೆಕ್ಯಾನಿಕ್) ಟ್ರೇಡಿನ ಮೇಷ್ಟ್ರಾಗಿ ಸೇರಿದ ಹೊಸತರಲ್ಲಿ, ವರ್ಕ್‌ಶಾಪಿನ ಕಿಟಕಿ ಮುಚ್ಚಿ ಕತ್ತಲು ಮಾಡಿ ಈ ಹಸಿರನ್ನು ತೋರಿಸಿದರೆ ಹುಡುಗರು ಸಿನಿಮಾ ನೋಡಿದ ಹಾಗೆ ನೋಡುತ್ತಿದ್ದರು. ಹಾಗೆ ಉರಿದಾಗ ಏಳುವ ಹೊಗೆಯಲ್ಲಿ ಫಾಸ್ಜೀನ್‌ನಂಥ ವಿಷವೂ ಇರುತ್ತದೆ. ಮುಚ್ಚಿದ ಕಿಟಕಿಯನ್ನು ಈಗ ನೆನೆದರೆ ಎದೆ ಝಲ್ಲೆನ್ನುತ್ತದೆ.

ಆ ಹಸಿರಿಗೆ ಕಾರಣ ಕ್ಲೋರಿನ್. ಆರ್-12ರ ಒಂದೊಂದು ಅಣುವಿನಲ್ಲೂ ಎರಡೆರಡು ಕ್ಲೋರಿನ್ ಪರಮಾಣುಗಳಿವೆ. ನಮಗೆ ಲೀಕು ತೋರಿಸಿಕೊಡುತ್ತಿದ್ದ ಅದೇ ಕ್ಲೋರಿನ್ ಆಕಾಶಕ್ಕೇರಿ ಓಜೋನ್ ಪದರವನ್ನು ತಿನ್ನುತ್ತಿದೆ ಎಂಬ ಸುದ್ದಿ ನಮ್ಮ ದಾವಣಗೆರೆಯ ವರ್ಕ್‌ಶಾಪಿಗೆ ಮುಟ್ಟುವ ಹೊತ್ತಿಗೆ ಜಗತ್ತು ಅದಕ್ಕಾಗಿ ಒಪ್ಪಂದ ಮಾಡಿಕೊಂಡು ಹಲವು ವರ್ಷಗಳೇ ಆಗಿದ್ದವು.

ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ "ಓಜೋನ್ ಸೆಲ್‌ನ ಇತಿಹಾಸ ಬರೆದುಕೊಡಿ, ಮೇಷ್ಟ್ರೇ" ಎಂದು ಕಾರ್ಯದರ್ಶಿಗಳು ಕೇಳಿದ್ದಾರೆ. ಒಪ್ಪಿಕೊಂಡಿದ್ದೇನೆ. ಆದರೆ ನಾನು ದೆಹಲಿಯವನಲ್ಲ, ವಿಜ್ಞಾನಿಯೂ ಅಲ್ಲ. ಈ ಇತಿಹಾಸವನ್ನು ನೋಡಿದ್ದು ಕೆಳಗಿನಿಂದ, ಫ್ರಿಜ್ಜಿನ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು. ಬರಹವೂ ಅದೇ ಎತ್ತರದಿಂದ ಹೊರಟಿದೆ.

ಮೊದಲಿನ ಕತೆ ಚಿಕ್ಕದು. ಹಿಂದೆ ಫ್ರಿಜ್ಜುಗಳಲ್ಲಿ ಅಮೋನಿಯಾ, ಸಲ್ಫರ್ ಡೈಆಕ್ಸೈಡ್‌ನಂಥ ಗ್ಯಾಸುಗಳಿದ್ದವು. ಸೋರಿದರೆ ಮನೆಯವರ ಜೀವಕ್ಕೇ ಕುತ್ತು. 1928ರಲ್ಲಿ ಅಮೆರಿಕದ ಥಾಮಸ್ ಮಿಡ್ಜ್‌ಲಿ ಮತ್ತು ಸಂಗಡಿಗರು ಕ್ಲೋರೋಫ್ಲೋರೋಕಾರ್ಬನ್ (ಸಿ.ಎಫ್.ಸಿ.) ಎಂಬ ಹೊಸ ವರ್ಗವನ್ನೇ ತಂದರು, ನಮ್ಮ ಆರ್-12 ಅದರದೇ. ವಿಷವಿಲ್ಲ, ಬೆಂಕಿ ಹಿಡಿಯುವುದಿಲ್ಲ. 1930ರಲ್ಲಿ ಮಿಡ್ಜ್‌ಲಿ ರಸಾಯನ ವಿಜ್ಞಾನಿಗಳ ಸಭೆಯ ಎದುರು ಆ ಗ್ಯಾಸನ್ನು ಎದೆ ತುಂಬ ಎಳೆದುಕೊಂಡು, ಉಸಿರು ಬಿಟ್ಟು ಮೇಣದ ಬತ್ತಿ ಆರಿಸಿ ತೋರಿಸಿದರು. ನಲವತ್ತು ವರ್ಷ ಯಾರೂ ಅನುಮಾನಿಸಲಿಲ್ಲ. 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಂಬಿಬ್ಬರು ಈ ಗ್ಯಾಸುಗಳು ಕೆಳಗೆ ಎಲ್ಲೂ ಕರಗದೆ ಮೇಲಕ್ಕೆ ಹೋಗುತ್ತವೆ, ಅಲ್ಲಿ ಸೂರ್ಯನ ಅತಿನೇರಳೆ ಕಿರಣಕ್ಕೆ ಒಡೆದು ಕ್ಲೋರಿನ್ ಬಿಡುತ್ತವೆ, ಒಂದು ಕ್ಲೋರಿನ್ ಪರಮಾಣು ಸಾವಿರಗಟ್ಟಲೆ ಓಜೋನ್ ಅಣುಗಳನ್ನು ನಾಶ ಮಾಡಬಲ್ಲದು ಎಂದು ಬರೆದರು. 1985ರಲ್ಲಿ ಅಂಟಾರ್ಕ್ಟಿಕಾದ ಹ್ಯಾಲಿ ಕೇಂದ್ರದ ಬ್ರಿಟಿಷ್ ವಿಜ್ಞಾನಿಗಳು ಅಲ್ಲಿ ಪ್ರತಿ ವಸಂತದಲ್ಲಿ ಓಜೋನ್ ಕುಸಿಯುತ್ತಿರುವುದನ್ನು ಅಳತೆಯ ಸಮೇತ ತೋರಿಸಿದರು. 1987ರ ಸೆಪ್ಟೆಂಬರ್ 16ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಒಪ್ಪಂದವಾಯಿತು.

ಈ ನಡುವೆ ಒಬ್ಬರನ್ನು ನಮ್ಮ ಟ್ರೇಡಿನವರು ಮರೆಯಬಾರದು. ವೀರಭದ್ರನ್ ರಾಮನಾಥನ್. ಹುಟ್ಟಿದ್ದು ತಮಿಳುನಾಡಿನಲ್ಲಿ, ಬಾಲ್ಯದಲ್ಲಿ ಬೆಂಗಳೂರಿಗೆ ಬಂದು ಶಾಲೆ ಓದಿದವರು. ಅಣ್ಣಾಮಲೈ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಮುಗಿಸಿದ ಮೇಲೆ ಸಿಕ್ಕಿದ ಮೊದಲ ಕೆಲಸ ಸಿಕಂದರಾಬಾದಿನ ಒಂದು ರೆಫ್ರಿಜರೇಷನ್ ಕಂಪನಿಯಲ್ಲಿ. ಮಿಷಿನ್‌ಗಳಿಂದ ಗ್ಯಾಸು ಯಾಕೆ ಸೋರಿಹೋಗುತ್ತದೆ, ಅದನ್ನು ತಡೆಯುವುದು ಹೇಗೆ ಎಂದು ನೋಡುವ ಕೆಲಸ. ಅಂದರೆ ನಮ್ಮದೇ ಕೆಲಸ. ಅವರಿಗೆ ಅದು ರುಚಿಸಲಿಲ್ಲ. ಬಿಟ್ಟು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು, 1970ರಲ್ಲಿ ಸ್ನಾತಕೋತ್ತರ ಪದವಿ ಪಡೆದು ಅಮೆರಿಕಕ್ಕೆ ಹೋದರು. 1975ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ಸಾರ ಇಷ್ಟು: ಸೋರಿದ ಈ ಗ್ಯಾಸು ಭೂಮಿಯ ಶಾಖವನ್ನೂ ಹಿಡಿದಿಡುತ್ತದೆ, ಅದೂ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಾರು ಪಟ್ಟು ಹೆಚ್ಚು ಬಲವಾಗಿ. ಸಿಕಂದರಾಬಾದಿನಲ್ಲಿ ಸೋರುತ್ತಿದ್ದ ಗ್ಯಾಸು ಎಲ್ಲಿಗೆ ಹೋಯಿತು, ಹೋಗಿ ಏನು ಮಾಡಿತು ಎಂಬುದಕ್ಕೆ ಅವರೇ ಉತ್ತರ ಕೊಟ್ಟ ಹಾಗಾಯಿತು. ಕಂಪನಿಯ ಮ್ಯಾನೇಜರ್ ಇಷ್ಟು ದೊಡ್ಡ ಉತ್ತರವನ್ನು ಕೇಳಿರಲಿಕ್ಕಿಲ್ಲ.

ಭಾರತ 1987ರಲ್ಲಿ ಸಹಿ ಹಾಕಲಿಲ್ಲ. ಹಾಕದೆ ಇದ್ದದ್ದು ಸರಿಯೆಂದೇ ನನ್ನ ಅಭಿಪ್ರಾಯ. ಅಭಿವೃದ್ಧಿಶೀಲ ದೇಶಗಳಿಗೆ ಒಪ್ಪಂದದ 5ನೇ ವಿಧಿಯಲ್ಲಿ ಹತ್ತು ವರ್ಷಗಳ ವಿನಾಯಿತಿ ಇತ್ತು. ತಲಾ ಬಳಕೆ ವರ್ಷಕ್ಕೆ 0.3 ಕೆ.ಜಿ.ಗಿಂತ ಕಡಿಮೆ ಇರಬೇಕು ಎಂಬುದೇ ಅರ್ಹತೆ. 0.3 ಕೆ.ಜಿ. ಎಂದರೆ 300 ಗ್ರಾಂ. ನಮ್ಮ ದೇಶದ ಸಿ.ಎಫ್.ಸಿ. ಬಳಕೆಯ ಮಟ್ಟವನ್ನು ಮುಂದೆ 1995ರಿಂದ 97ರ ಸರಾಸರಿಯ ಮೇಲೆ ಲೆಕ್ಕ ಹಾಕಿದಾಗ ಬಂದದ್ದು 6,681 ಟನ್. ಆಗಿನ ಜನಸಂಖ್ಯೆಗೆ ಹಂಚಿ ನೋಡಿ: ತಲೆಗೆ ಸುಮಾರು 7 ಗ್ರಾಂ. ಮುನ್ನೂರು ಗ್ರಾಂ ಬಳಸಿದರೂ ಬಡವನೆಂದು ಬಿಡುವ ಸಾಲಿನಲ್ಲಿ ಏಳು ಗ್ರಾಮಿನವನು ನಿಂತಿದ್ದ. ಹಾಗಿರುವಾಗ ಬರೀ ಹತ್ತು ವರ್ಷ ಟೈಮು ಕೊಟ್ಟರೆ ಸಾಕೇ? ಬದಲಿ ಗ್ಯಾಸಿನ ಪೇಟೆಂಟು ಬೇರೆಯವರ ಕೈಯಲ್ಲಿ, ಕಾರ್ಖಾನೆ ಬದಲಿಸುವ ಖರ್ಚು ನಮ್ಮ ತಲೆಯ ಮೇಲೆ. ಹೊರಗೆ ಉಳಿಯುವುದಕ್ಕೂ ಬೆಲೆಯಿತ್ತು. ಒಪ್ಪಂದಕ್ಕೆ ಸೇರದ ದೇಶಗಳ ಜೊತೆ ಈ ವಸ್ತುಗಳ ವ್ಯಾಪಾರವನ್ನು ಸದಸ್ಯ ದೇಶಗಳು ನಿಲ್ಲಿಸಬೇಕು ಎಂದು ಅದರ 4ನೇ ವಿಧಿ ಹೇಳುತ್ತಿತ್ತು.

1990ರ ಜೂನ್‌ನಲ್ಲಿ ಲಂಡನ್ನಿನಲ್ಲಿ ಈ ಜಗ್ಗಾಟ ತೀರ್ಮಾನಕ್ಕೆ ಬಂತು. ಆಗ ವಿ.ಪಿ. ಸಿಂಗ್ ಸರ್ಕಾರದಲ್ಲಿ ಪರಿಸರ ಸಚಿವೆಯಾಗಿದ್ದವರು ಮೇನಕಾ ಗಾಂಧಿ. ನೀವು ಕೆಡಿಸಿದ್ದನ್ನು ಸರಿಮಾಡಲು ನಾವು ಬರಬೇಕೆಂದರೆ ತಂತ್ರಜ್ಞಾನ ಕೊಡಿ, ಖರ್ಚು ಕೊಡಿ ಎಂಬುದು ನಮ್ಮ ದೇಶದ ಪಟ್ಟು, ಚೀನಾದ್ದೂ ಅದೇ. ಪ್ರತ್ಯೇಕ ನಿಧಿ ಬೇಡವೆಂದು ಕೂತಿದ್ದ ಅಮೆರಿಕ ಸಮ್ಮೇಳನಕ್ಕೆ ಕೆಲವೇ ದಿನ ಮೊದಲು ಮೆತ್ತಗಾಯಿತು. ಮೂರು ವರ್ಷಕ್ಕೆ 16 ಕೋಟಿ ಡಾಲರ್‌ಗಳ ಬಹುಪಕ್ಷೀಯ ನಿಧಿ, ಭಾರತ ಮತ್ತು ಚೀನಾ ಸೇರಿದರೆ 24 ಕೋಟಿ ಎಂದಾಯಿತು. ನಮ್ಮಿಬ್ಬರ ಬೆಲೆ ತಲಾ 4 ಕೋಟಿ ಡಾಲರ್ ಎಂದು ಕಟ್ಟಿದ ಹಾಗೆ! ಹಣಕ್ಕಿಂತ ದೊಡ್ಡದು ಇನ್ನೆರಡು ಸಂಗತಿಗಳು. ಬಡ ದೇಶಗಳು ಮಾತು ಉಳಿಸಿಕೊಳ್ಳುವುದು ಹಣ ಮತ್ತು ತಂತ್ರಜ್ಞಾನ ಸರಿಯಾಗಿ ಬರುವುದನ್ನು ಅವಲಂಬಿಸಿರುತ್ತದೆ ಎಂಬ ಮಾತು ಒಪ್ಪಂದದಲ್ಲೇ ಸೇರಿತು. ನಿಧಿಯನ್ನು ನಡೆಸುವ ಕಾರ್ಯಕಾರಿ ಸಮಿತಿಯ 14 ಸ್ಥಾನಗಳಲ್ಲಿ 7 ಬಡ ದೇಶಗಳಿಗೆ, 7 ಶ್ರೀಮಂತ ದೇಶಗಳಿಗೆ ಎಂದಾಯಿತು. ಕೊಡುವವನೂ ಪಡೆಯುವವನೂ ಒಂದೇ ಎತ್ತರದ ಕುರ್ಚಿಯಲ್ಲಿ ಕೂರುವ ಇಂಥ ಏರ್ಪಾಡು ಅಂತರರಾಷ್ಟ್ರೀಯ ವ್ಯವಹಾರದಲ್ಲಿ ಅಪರೂಪ.

1991ರ ಮಾರ್ಚ್‌ನಲ್ಲಿ ಭಾರತ ಓಜೋನ್ ರಕ್ಷಣೆಯ ವಿಯೆನ್ನಾ ಒಡಂಬಡಿಕೆಗೂ 1992ರ ಜೂನ್ 19ರಂದು ಮಾಂಟ್ರಿಯಲ್ ಒಪ್ಪಂದಕ್ಕೂ ಸೇರಿತು. ಅಷ್ಟರಲ್ಲಿ ನಮ್ಮ ಪರಿಸರ ಸಚಿವಾಲಯದಲ್ಲಿದ್ದ ಐ.ಎ.ಎಸ್. ಅಧಿಕಾರಿ ಕೆ. ಮಾಧವ ಶರ್ಮ ಅವರು ನೈರೋಬಿಯಲ್ಲಿರುವ ಓಜೋನ್ ಸಚಿವಾಲಯದ ಮುಖ್ಯಸ್ಥರಾಗಿದ್ದರು. 1991ರಿಂದ 2000ದವರೆಗೆ ಆ ಕುರ್ಚಿಯಲ್ಲಿದ್ದು, ಒಂದೊಂದೇ ದೇಶವನ್ನು ಸೇರಿಸಿಕೊಂಡು ಹೋದರು.

ದೆಹಲಿಯಲ್ಲಿ ಪರಿಸರ ಸಚಿವಾಲಯದ ಒಳಗೆ ಹುಟ್ಟಿದ ಸಣ್ಣ ಘಟಕವೇ ಓಜೋನ್ ಸೆಲ್. ಬಹಳ ಕಾಲ ಅದರ ವಿಳಾಸ ಲೋಧಿ ರಸ್ತೆಯ ಇಂಡಿಯಾ ಹ್ಯಾಬಿಟಾಟ್ ಸೆಂಟರ್. ಇದರ ಸಂಬಳ, ಕಂಪ್ಯೂಟರು, ಪತ್ರ ವ್ಯವಹಾರಕ್ಕೂ ಮಾಂಟ್ರಿಯಲ್ ನಿಧಿಯ ನೆರವಿತ್ತು. 1993ರಲ್ಲಿ ದೇಶದ ಕಾರ್ಯಕ್ರಮ ಸಿದ್ಧವಾಯಿತು: ಯಾವ ವಸ್ತು, ಎಷ್ಟು, ಯಾರ ಕೈಯಲ್ಲಿ, ಎಂದಿಗೆ ನಿಲ್ಲಬೇಕು. ಮೇಲೆ ಸಚಿವಾಲಯದ ಕಾರ್ಯದರ್ಶಿಗಳ ಅಧ್ಯಕ್ಷತೆಯಲ್ಲಿ ಒಂದು ಅಧಿಕಾರಯುಕ್ತ ಸಮಿತಿ, ಅದರ ಕೆಳಗೆ ನಾಲ್ಕು ಸ್ಥಾಯಿ ಸಮಿತಿ. ಅವುಗಳಲ್ಲಿ ಒಂದರ ಹೆಸರಿನಲ್ಲಿ ಸಣ್ಣ, ಅತಿ ಸಣ್ಣ ಮತ್ತು ಅಸಂಘಟಿತ ಉದ್ದಿಮೆಗಳು ಎಂಬ ಮಾತಿತ್ತು. ಅಸಂಘಟಿತ ಎಂದರೆ ನಾವೇ. ನಮ್ಮ ಹೆಸರಿನ ಸಮಿತಿಯೊಂದು ದೆಹಲಿಯಲ್ಲಿ ಇತ್ತೆಂಬುದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ದೊಡ್ಡವರ ಭಾಗ ಚೊಕ್ಕವಾಗಿ ನಡೆಯಿತು, ಅದನ್ನು ಹೇಳಲೇಬೇಕು. ಸಿ.ಎಫ್.ಸಿ. ತಯಾರಿಸುತ್ತಿದ್ದ ಕಾರ್ಖಾನೆಗಳು ದೇಶದಲ್ಲಿ ನಾಲ್ಕು: ರಾಜಸ್ಥಾನದ ಭಿವಾಡಿಯಲ್ಲಿ ಎಸ್.ಆರ್.ಎಫ್., ಗುಜರಾತಿನ ರಂಜಿತ್‌ನಗರದಲ್ಲಿ ಗುಜರಾತ್ ಫ್ಲೋರೋಕೆಮಿಕಲ್ಸ್, ಸೂರತ್ತಿನ ಬಳಿಯ ಭೇಸ್ತಾನಿನಲ್ಲಿ ನವೀನ್ ಫ್ಲೋರಿನ್, ತಮಿಳುನಾಡಿನ ಮೆಟ್ಟೂರಿನಲ್ಲಿ ಕೆಂಪ್ಲಾಸ್ಟ್ ಸನ್ಮಾರ್. ಅಂಗಡಿಯಲ್ಲಿ ನಾವು "ಮ್ಯಾಫ್ರಾನ್ ಕೊಡಿ", "ಫ್ಲೋರಾನ್ ಕೊಡಿ" ಎಂದು ಕೇಳುತ್ತಿದ್ದದ್ದು ಇವರದೇ ಮಾಲು. 1999ರಲ್ಲಿ ನಿಧಿಯ ಕಾರ್ಯಕಾರಿ ಸಮಿತಿ ಈ ಉತ್ಪಾದನೆಯನ್ನು ಹಂತ ಹಂತವಾಗಿ ನಿಲ್ಲಿಸಲು 8.2 ಕೋಟಿ ಡಾಲರ್ ಮಂಜೂರು ಮಾಡಿತು. ವರ್ಷ ವರ್ಷಕ್ಕೆ ಇಳಿಯುವ ಕೋಟಾ, ಹೊರಗಿನವರಿಂದ ಲೆಕ್ಕ ತಪಾಸಣೆ. 2010ರ ಜನವರಿಯ ಗಡುವಿಗೆ 17 ತಿಂಗಳು ಮುಂಚೆಯೇ, 2008ರ ಆಗಸ್ಟ್ 1ರಿಂದ ಸಿ.ಎಫ್.ಸಿ. ತಯಾರಿಕೆ ನಿಂತಿತು, ಆಸ್ತಮಾ ರೋಗಿಗಳ ಇನ್‌ಹೇಲರಿಗೆ ಬೇಕಾದಷ್ಟು ಮಾತ್ರ ಸ್ವಲ್ಪ ಕಾಲ ಉಳಿಯಿತು. ಬೆಂಕಿ ಆರಿಸುವ ಹ್ಯಾಲಾನ್‌ಗೆ ಬೇರೆ ದಾರಿ: ಹೊಸದನ್ನು ನಿಲ್ಲಿಸಿ, ಇರುವುದನ್ನು ಕೂಡಿಟ್ಟು ಅಗತ್ಯದವರಿಗೆ ಕೊಡುವ ಹ್ಯಾಲಾನ್ ಬ್ಯಾಂಕ್ ದೆಹಲಿಯ ರಕ್ಷಣಾ ಸಂಶೋಧನಾ ಪ್ರಯೋಗಾಲಯವೊಂದರಲ್ಲಿ ತೆರೆಯಿತು. ನಾವು ಕಂಡೆನ್ಸರ್ ತೊಳೆಯಲು, ಬಟ್ಟೆ ಕೈಗಾರಿಕೆಯವರು ಕಲೆ ತೆಗೆಯಲು ಬಳಸುತ್ತಿದ್ದ ಸಿ.ಟಿ.ಸಿ. (ಕಾರ್ಬನ್ ಟೆಟ್ರಾಕ್ಲೋರೈಡ್) 2010ರ ಜನವರಿ 1ರಿಂದ ಹೋಯಿತು. ಅದು ಹೋದದ್ದು ಓಜೋನ್‌ಗಿಂತ ಮೊದಲು ನಮ್ಮ ಲಿವರಿಗೆ ಒಳ್ಳೆಯದಾಯಿತು.

ಈಗ 2000ಕ್ಕೆ ಬರುತ್ತೇನೆ. ಆ ವರ್ಷದ ಜುಲೈಯಲ್ಲಿ ಓಜೋನ್ ನಾಶಕ ವಸ್ತುಗಳ ನಿಯಂತ್ರಣ ನಿಯಮಗಳು ಹೊರಬಂದವು. ತಯಾರಿಸುವವರು, ಮಾರುವವರು, ಬಳಸುವವರು ನೋಂದಣಿ ಮಾಡಿಸಬೇಕು. ಆಮದು ರಫ್ತಿಗೆ ಲೈಸೆನ್ಸ್ ಬೇಕು. 2003ರ ಜನವರಿ 1ರ ನಂತರ ಹೊಸ ಫ್ರಿಜ್ಜುಗಳಿಗೆ ಸಿ.ಎಫ್.ಸಿ. ತುಂಬುವಂತಿಲ್ಲ. ನಿಯಮದ ಪ್ರತಿ ನಮ್ಮೂರಿಗೆ ಬರುವ ಮೊದಲೇ ಗಾಳಿಸುದ್ದಿ ಬಂತು. ಆರ್-12 ಇಟ್ಟುಕೊಂಡರೆ ಪೊಲೀಸರು ಹಿಡಿಯುತ್ತಾರಂತೆ, ಹಳೆ ಫ್ರಿಜ್ಜು ರಿಪೇರಿ ಮಾಡುವಂತಿಲ್ಲವಂತೆ. ಒಂದಿಬ್ಬರು ಹೆದರಿ ಸಿಲಿಂಡರನ್ನು ಹಿತ್ತಲಲ್ಲಿ ಖಾಲಿ ಮಾಡಿಯೇ ಬಿಟ್ಟರು. ಓಜೋನ್ ಉಳಿಸುವ ಕಾನೂನಿಗೆ ಹೆದರಿ ಗ್ಯಾಸನ್ನು ಆಕಾಶಕ್ಕೆ ಬಿಟ್ಟದ್ದು! ನಮ್ಮ ಸಂಘ ಹುಟ್ಟಿದ್ದು ಆ ತಿಂಗಳುಗಳಲ್ಲೇ. ಹದಿನೇಳು ಜನ ಮೆಕ್ಯಾನಿಕ್‌ಗಳು ಒಂದು ಹೋಟೆಲಿನ ಮಹಡಿಯಲ್ಲಿ ಬೆಣ್ಣೆದೋಸೆ ತಿಂದು ಆಡಿದ ಮೊದಲ ಮಾತು ಪೊಲೀಸರದ್ದು, ಎರಡನೆಯದು ಗ್ಯಾಸಿನ ರೇಟಿನದ್ದು. ಓಜೋನ್ ಎಂಬ ಪದ ಬಂದದ್ದು ಕಾಫಿಯ ಹೊತ್ತಿಗೆ.

ಗ್ಯಾಸು ಕಳ್ಳದಾರಿಯನ್ನೂ ಹಿಡಿಯುತ್ತಿತ್ತು ಅನ್ನುವುದಕ್ಕೆ ನೇಪಾಳದ ಕತೆ ಇದೆ. ಭಾರತದಿಂದ ಲೈಸೆನ್ಸ್ ಇಲ್ಲದೆ ಹೋದ 74 ಟನ್ ಸಿ.ಎಫ್.ಸಿ.ಯನ್ನು ಅಲ್ಲಿಯ ಸರ್ಕಾರ ಹಿಡಿಯಿತು. ಆ ಪುಟ್ಟ ದೇಶಕ್ಕೆ ಅದು ವರ್ಷ ವರ್ಷಗಟ್ಟಲೆ ಸಾಲುವ ಮಾಲು. ಅದನ್ನು ಏನು ಮಾಡಬೇಕೆಂದು ಒಪ್ಪಂದದ ದೇಶಗಳೆಲ್ಲ ಕೂತು ಚರ್ಚಿಸಬೇಕಾಯಿತು. ಇಲ್ಲಿ ಕಸ್ಟಮ್ಸ್ ಅಧಿಕಾರಿಗಳಿಗೆ ಫರೀದಾಬಾದಿನ ಅಕಾಡೆಮಿಯಲ್ಲಿ ಗ್ಯಾಸು ಗುರುತಿಸುವ ತರಬೇತಿ ಶುರುವಾಯಿತು.

ಆ ಹೊತ್ತಿಗೆ ಆರ್-12ರ ಬದಲಿಗೆ ಆರ್-134ಎ ಬಂದಿತ್ತು. ಬಂದ ಹೊಸತರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಸಂಜೆ ಟಾರ್ಚು ಹಿಡಿದುಕೊಂಡೇ ಮನೆಗೆ ಬಂದ. "ಸಾರ್, ಇದು ಕೆಟ್ಟೋಗಿದೆ. ಗ್ಯಾಸು ಬುಸ್ ಅಂತ ಹೋಗ್ತಾ ಇದೆ, ಕೈಗೆ ತಣ್ಣಗೆ ತಾಗ್ತದೆ, ಬೆಂಕಿ ಮಾತ್ರ ಹಸಿರೇ ಆಗಲ್ಲ." ಟಾರ್ಚು ಕೆಟ್ಟಿರಲಿಲ್ಲ. 134ಎಯಲ್ಲಿ ಕ್ಲೋರಿನ್ ಇಲ್ಲ. ಇಲ್ಲದ್ದನ್ನು ಜ್ವಾಲೆ ಹೇಗೆ ತೋರಿಸೀತು? ಅವತ್ತು ಅವನಿಗೆ ಸೋಪಿನ ನೀರಿನ ಬಟ್ಟಲು ಕೊಟ್ಟು ಕಳಿಸಿದೆ. ಅಷ್ಟಕ್ಕೆ ಮುಗಿಯಲಿಲ್ಲ. ಹಳೆಯ ಮಿನರಲ್ ಆಯಿಲಿನ ಜೊತೆ 134ಎ ಬೆರೆಯುವುದಿಲ್ಲ, ಅದಕ್ಕೆ ಬೇಕಾದದ್ದು ಪಿ.ಓ.ಇ. ಎಂಬ ಬೇರೆ ಎಣ್ಣೆ. ಆ ಎಣ್ಣೆ ಗಾಳಿಯಲ್ಲಿರುವ ತೇವವನ್ನು ಉಪ್ಪು ಹೀರಿದಂತೆ ಹೀರುತ್ತದೆ. ಡಬ್ಬಿಯ ಮುಚ್ಚಳ ತೆಗೆದಿಟ್ಟು ಟೀ ಕುಡಿಯಲು ಹೋಗಿ ಬಂದರೆ ಎಣ್ಣೆಯ ಕತೆ ಮುಗಿಯಿತು. ಮುಂದೆ ಕ್ಯಾಪಿಲರಿ ಚೋಕು, ಕಂಪ್ರೆಸರ್ ಜಾಮು. ಅಷ್ಟು ದಿನ ನಾವು ಹಳೆಯ ಫ್ರಿಜ್ಜಿನ ಕಂಪ್ರೆಸರನ್ನೇ ತಿರುಗಿಸಿ ಕಟ್ಟಿ ವ್ಯಾಕ್ಯೂಮ್ ಪಂಪು ಎನ್ನುತ್ತಿದ್ದೆವು. ಆರ್-12ರಲ್ಲಿ ಅದು ನಡೆಯುತ್ತಿತ್ತು. 134ಎ ಅದನ್ನು ಕ್ಷಮಿಸಲಿಲ್ಲ.

ನಮ್ಮ ಹಳೆಯ ಪದ್ಧತಿಯ ಬಗ್ಗೆಯೂ ಮುಚ್ಚುಮರೆ ಬೇಡ. ಮನೆಯ ಫ್ರಿಜ್ಜಿಗೆ ಹಿಡಿಯುವ ಆರ್-12 ನೂರು ಚಿಲ್ಲರೆ ಗ್ರಾಂ. ಅದನ್ನು ತುಂಬುವ ಮುಂಚೆ ಲೈನಿನ ಗಾಳಿ ಹೊರಡಿಸಲು ಅದೇ ಗ್ಯಾಸನ್ನು ಹಾಯಿಸಿ ಬಿಡುತ್ತಿದ್ದೆವು, ಲೀಕು ಪರೀಕ್ಷೆಗೆ ಅದನ್ನೇ ತುಂಬಿ ಬಿಡುತ್ತಿದ್ದೆವು, ಹಳೆಯದನ್ನಂತೂ ಪ್ರಾಸೆಸ್ ಟ್ಯೂಬ್ ಕತ್ತರಿಸಿ ಸೀದಾ ಗಾಳಿಗೆ. ಫ್ರಿಜ್ಜಿನ ಒಳಗೆ ಉಳಿಯುವುದಕ್ಕಿಂತ ಹೊರಗೆ ಹೋಗುತ್ತಿದ್ದದ್ದೇ ಹೆಚ್ಚು. ಆರ್-12 ವಾತಾವರಣದಲ್ಲಿ ಸರಾಸರಿ ನೂರು ವರ್ಷ ಬಾಳುತ್ತದೆ. 1985ರಲ್ಲಿ ನಾನು ಬಿಟ್ಟ ಗ್ಯಾಸಿನಲ್ಲಿ ಮೂರರಲ್ಲಿ ಎರಡು ಪಾಲು ಈ ಬರಹ ಓದುತ್ತಿರುವ ಹೊತ್ತಿಗೂ ಮೇಲೆಯೇ ಇದೆ.

ಸರ್ವೀಸ್ ವಲಯದ ಸರದಿ ಬಂದದ್ದು ಕೊನೆಗೆ. ಸ್ವಿಟ್ಜರ್ಲೆಂಡಿನ ನೆರವಿನ ಹೈಡೆಕಾರ್ ಯೋಜನೆ ಮೊದಲು ಕೆಲವು ರಾಜ್ಯಗಳಲ್ಲಿ ದಾರಿ ತೋರಿಸಿತ್ತು. 2004ರಲ್ಲಿ ರಾಷ್ಟ್ರೀಯ ಸಿ.ಎಫ್.ಸಿ. ಬಳಕೆ ನಿಲುಗಡೆ ಯೋಜನೆ ಮಂಜೂರಾಗಿ, ಜರ್ಮನಿಯ ಜಿ.ಟಿ.ಝಡ್. ಸಂಸ್ಥೆ ಮುಂದಾಳತ್ವ ವಹಿಸಿ, ದೇಶದ ಉದ್ದಗಲಕ್ಕೆ ಮೆಕ್ಯಾನಿಕ್‌ಗಳಿಗೆ ತರಬೇತಿ ನಡೆಯಿತು. ಅಂಥ ಶಿಬಿರಗಳಲ್ಲಿ ನಾನೂ ಕಲಿತು ಕಲಿಸಿದ್ದೇನೆ. ಕಲಿಸಿದ್ದು ಬಹಳ ದೊಡ್ಡ ವಿದ್ಯೆಯೇನಲ್ಲ: ಲೀಕು ನೋಡಲು ನೈಟ್ರೋಜನ್ ಬಳಸು, ಎರಡು ಹಂತದ ವ್ಯಾಕ್ಯೂಮ್ ಪಂಪು ಹಚ್ಚು, ಗ್ಯಾಸನ್ನು ಕಣ್ಣಂದಾಜಿನಲ್ಲಿ ಬಿಡದೆ ತೂಕ ಹಾಕಿ ತುಂಬು, ಹಳೆಯದನ್ನು ಸಿಲಿಂಡರಿಗೆ ಹಿಡಿದುಕೋ. ಇಷ್ಟನ್ನು ಮಾಡಿದರೆ ವರ್ಷದೊಳಗೆ ಮತ್ತೆ ಅದೇ ಮನೆಗೆ ಕಂಪ್ಲೇಂಟಿಗೆ ಹೋಗುವುದು ತಪ್ಪುತ್ತದೆ. ಮೆಕ್ಯಾನಿಕ್‌ಗಳು ಒಪ್ಪಿದ್ದು ಈ ಕಾರಣಕ್ಕೆ. ಭಾಷಣದಲ್ಲಿ ಓಜೋನ್ ಪದರದ ಬಣ್ಣದ ಚಿತ್ರ ತೋರಿಸುವಾಗ ಹಿಂದಿನ ಸಾಲಿನವರು ತೂಕಡಿಸುತ್ತಿದ್ದರು. ಪಂಪಿನ ಗೇಜು ಇಳಿಯುವುದನ್ನು ತೋರಿಸುವಾಗ ಎಲ್ಲರೂ ಎದ್ದು ಬಂದು ಸುತ್ತ ನಿಲ್ಲುತ್ತಿದ್ದರು.

ನನ್ನ ತಕರಾರು ಇಲ್ಲಿಯದು. ದೇಶ ಲಂಡನ್ನಿನಲ್ಲಿ ಕೇಳಿದ್ದು ಏನು? ಹೆಚ್ಚು ಕೆಡಿಸಿದವನು ಹೆಚ್ಚು ಕೊಡಲಿ, ಕಡಿಮೆ ಕೆಡಿಸಿದವನಿಗೆ ಕಾಲ ಮತ್ತು ಕಾಸು ಸಿಗಲಿ. ನ್ಯಾಯವಾದ ಮಾತು, ಗೆದ್ದೂ ಬಂದೆವು. ಆದರೆ ಗೆದ್ದು ತಂದ ನ್ಯಾಯವನ್ನು ಮನೆಯೊಳಗೆ ಹಂಚುವಾಗ ತಕ್ಕಡಿ ಬದಲಾಯಿತು. ಕಾರ್ಖಾನೆಗೆ ಹಂತ ಹಂತದ ಕೋಟಾ, ಪರಿಹಾರ, ಸುಂಕದ ವಿನಾಯಿತಿ. ಸೈಕಲ್ ಕ್ಯಾರಿಯರಿಗೆ ಗೇಜು ಕಟ್ಟಿಕೊಂಡು ಹೋಗುವವನಿಗೆ ಎರಡು ದಿನದ ಊಟ ಸಹಿತ ತರಬೇತಿ, ಒಂದು ಸರ್ಟಿಫಿಕೇಟು. ರಿಕವರಿ ಮಿಷಿನ್ ಬಂದದ್ದು ಸಂಸ್ಥೆಗಳಿಗೆ. ನನಗೆ ಗೊತ್ತಿರುವ ಒಂದು ಕಡೆ ಅದು ಹಲವು ವರ್ಷ ಬೀರುವಿನಲ್ಲಿತ್ತು. ಸ್ಟಾಕ್ ಬುಕ್ಕಿನಲ್ಲಿ ಇಲ್ಲವಾದರೆ ತಮ್ಮ ತಲೆಗೆ ಬರುತ್ತದೆಂದು ಬೀಗದವರು ಹೊರಗೇ ಬಿಡಲಿಲ್ಲ. ಮೇಲೆ ಹೊದಿಸಿದ ಪ್ಲಾಸ್ಟಿಕ್ ಹಾಳೆಯನ್ನೂ ತೆಗೆದಿರಲಿಲ್ಲ. ಹಿಡಿದ ಗ್ಯಾಸನ್ನು ಕೊಳ್ಳುವವರು, ಶುದ್ಧಿ ಮಾಡುವವರು ನಮ್ಮೂರಿನಲ್ಲಿ ಅಂದೂ ಇರಲಿಲ್ಲ, ಇಂದೂ ಇಲ್ಲ. ಹಿಡಿದು ಎಲ್ಲಿಡಬೇಕು ಎಂದು ಹುಡುಗ ಕೇಳಿದರೆ ಮೇಷ್ಟ್ರ ಹತ್ತಿರ ಉತ್ತರವಿಲ್ಲ.

ಹಾಗಾಗಿ ಸಂಘವೇ ಒಂದು ಕೆಲಸ ಮಾಡಿತು. ಎಲ್ಲರೂ ಚಂದಾ ಹಾಕಿ ಎರಡು ಹಂತದ ವ್ಯಾಕ್ಯೂಮ್ ಪಂಪು ಒಂದನ್ನು ಕೊಂಡೆವು. ಅದಕ್ಕೊಂದು ಉದ್ದನೆಯ ಲೆಡ್ಜರ್. ಬೆಳಿಗ್ಗೆ ಒಯ್ದವರ ಹೆಸರು, ಯಾವ ಬೀದಿಯ ಕೆಲಸ, ಯಾವ ಗ್ಯಾಸು, ಸಂಜೆ ತಂದ ಹೊತ್ತು. ಈ ಲೇಖನಕ್ಕಾಗಿ ಆ ಪುಸ್ತಕಗಳನ್ನು ಕೆಳಗಿಳಿಸಿ ಧೂಳು ಕೊಡವಿ ನೋಡಿದೆ. ಮೊದಲ ಪುಸ್ತಕದಲ್ಲಿ ಗ್ಯಾಸಿನ ಕಾಲಮ್ಮಿನ ತುಂಬ 12, 12, 12. ನಡುನಡುವೆ ಒಂದು 22. ಎರಡನೆಯದರಲ್ಲಿ 134 ಹೆಚ್ಚುತ್ತ ಹೋಗುತ್ತದೆ. ಮೂರನೆಯದರಲ್ಲಿ ಮೊದಲ ಸಲ 600 ಎಂದು ಯಾರೋ ಬರೆದು, ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ಬೆಂಕಿಯ ಗುರುತು ಹಾಕಿದ್ದಾರೆ. ದೆಹಲಿಯ ಕಡತಗಳಲ್ಲಿ ಇರುವ ಇತಿಹಾಸವೇ ಇದು, ಕೈಬರಹ ಕೆಟ್ಟದಾಗಿದೆ ಅಷ್ಟೆ.

600 ಎಂದರೆ ಆರ್-600ಎ, ಐಸೋಬ್ಯೂಟೇನ್. ಅಡುಗೆ ಗ್ಯಾಸಿನ ದಾಯಾದಿ. ಜರ್ಮನಿಯಲ್ಲಿ 1992-93ರಲ್ಲಿ ಗ್ರೀನ್‌ಪೀಸ್‌ನವರು ಹಳೆಯ ಪೂರ್ವ ಜರ್ಮನಿಯ ಒಂದು ಕಾರ್ಖಾನೆಯನ್ನು ಹಿಡಿದು ಇಂಥ ಫ್ರಿಜ್ಜು ಮಾಡಿಸಿ ತೋರಿಸಿದರು. ಪೇಟೆಂಟಿನ ಕಾಟವಿಲ್ಲ, ಓಜೋನ್‌ಗೆ ಹಾನಿಯಿಲ್ಲ, ಬಿಸಿ ಹಿಡಿದಿಡುವುದೂ ನಗಣ್ಯ. ನಮ್ಮಲ್ಲಿ ಈ ದಾರಿಯನ್ನು ಬೇಗ ಹಿಡಿದವರು ಗೋದ್ರೆಜ್. ಉಳಿದ ಬಹಳ ಮಂದಿ 134ಎಗೆ ಹೋದರು, ಆಮೇಲೆ ಮತ್ತೆ ಬದಲಾಗಬೇಕಾಯಿತು. 134ಎ ಓಜೋನ್‌ಗೆ ಸಾಧು, ಆದರೆ ಬಿಸಿ ಹಿಡಿಯುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 1,430 ಪಟ್ಟು. ಒಂದು ತಪ್ಪನ್ನು ತಿದ್ದಲು ಹೋಗಿ ಅದರ ತಮ್ಮನನ್ನು ಮನೆಗೆ ಕರೆತಂದ ಹಾಗೆ. ಇನ್ನೊಂದು ತಮಾಷೆ: ಇಷ್ಟೆಲ್ಲ ಗ್ಯಾಸು ಬಂದು ಹೋದರೂ ಮಲ್ಪೆ, ಮಂಗಳೂರಿನ ಮೀನಿನ ಐಸ್ ಪ್ಲಾಂಟುಗಳಲ್ಲಿ ಮಿಡ್ಜ್‌ಲಿಗಿಂತ ಹಳೆಯದಾದ ಅಮೋನಿಯಾ ಇಂದಿಗೂ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿದೆ. ಯಾವ ಒಪ್ಪಂದವೂ ಅದನ್ನು ಮುಟ್ಟಲಿಲ್ಲ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ, ಅದು ನಿಮ್ಮ ಕಣ್ಣೆದುರೇ ನಡೆದದ್ದು. ಆರ್-22 ಮತ್ತು ಅದರ ಬಳಗಕ್ಕೆ 2007ರಲ್ಲಿ ಗಡುವನ್ನು ಹತ್ತಿರ ಎಳೆದರು. 2012ರಿಂದ ಹಂತ ಹಂತದ ಯೋಜನೆ ನಡೆಯುತ್ತಿದೆ. ಪಫ್ ತಯಾರಿಕೆಗೆ ಬಳಸುತ್ತಿದ್ದ 141ಬಿ 2020ರ ಜನವರಿ 1ಕ್ಕೆ ಪೂರ್ತಿ ನಿಂತಿತು. 2025ರ ಜನವರಿ 1ರಿಂದ ಹೊಸ ಎ.ಸಿ.ಗೆ ಆರ್-22 ಇಲ್ಲ. ಹಳೆಯವುಗಳ ಸರ್ವೀಸಿಗೆ 2030ರ ನಂತರ ಸಿಗುವುದು ಮೂಲ ಮಟ್ಟದ ನೂರಕ್ಕೆ ಎರಡೂವರೆ ಭಾಗ, ಅದೂ 2040ರವರೆಗೆ. 2016ರ ಅಕ್ಟೋಬರ್‌ನಲ್ಲಿ ರುವಾಂಡಾದ ಕಿಗಾಲಿಯಲ್ಲಿ 134ಎ, 410ಎಯಂಥ ಎಚ್.ಎಫ್.ಸಿ.ಗಳನ್ನೂ ಪಟ್ಟಿಗೆ ಸೇರಿಸಿದರು. ಅಲ್ಲಿಗೆ ಹೋಗಿದ್ದ ನಮ್ಮ ಪರಿಸರ ಸಚಿವರು ಅನಿಲ್ ಮಾಧವ ದವೆ. ಭಾರತ ಅದನ್ನು ಅನುಮೋದಿಸಿದ್ದು 2021ರ ಸೆಪ್ಟೆಂಬರ್‌ನಲ್ಲಿ. ನಮ್ಮ ಗುಂಪಿನ ದೇಶಗಳಿಗೆ 2028ರಲ್ಲಿ ಬಳಕೆಯ ಮಟ್ಟ ನಿಲ್ಲಬೇಕು, 2032ರಿಂದ ಇಳಿಯಬೇಕು, 2047ಕ್ಕೆ ನೂರಕ್ಕೆ 85 ಭಾಗ ಹೋಗಿರಬೇಕು. 2019ರಲ್ಲಿ ಬಂದ ಭಾರತದ ತಂಪು ಕಾರ್ಯಯೋಜನೆ ಒಂದು ಲಕ್ಷ ಮೆಕ್ಯಾನಿಕ್‌ಗಳಿಗೆ ತರಬೇತಿ ಮತ್ತು ಪ್ರಮಾಣಪತ್ರ ಎಂದು ಬರೆದುಕೊಂಡಿತು. ಈ ಸಲವಾದರೂ ನಮ್ಮ ಹೆಸರು ಹಿಂದಿನ ಪುಟದಲ್ಲಿಲ್ಲ.

ಇಷ್ಟಕ್ಕೆಲ್ಲ ಫಲ ಸಿಕ್ಕಿದೆಯೇ ಎಂದು ಕೇಳುವವರಿಗೆ: ಸಿಕ್ಕಿದೆ. ಓಜೋನ್ ನಾಶಕ ವಸ್ತುಗಳಲ್ಲಿ ನೂರಕ್ಕೆ 99 ಭಾಗ ಜಗತ್ತಿನಲ್ಲಿ ನಿಂತುಹೋಗಿದೆ. ಈಗಿನ ನಿಯಮ ಹೀಗೇ ನಡೆದರೆ ಪದರ 1980ರ ಮಟ್ಟಕ್ಕೆ ಬಹುಭಾಗ ಜಗತ್ತಿನಲ್ಲಿ 2040ರ ಸುಮಾರಿಗೆ, ಅಂಟಾರ್ಕ್ಟಿಕಾದ ಮೇಲೆ 2066ರ ಸುಮಾರಿಗೆ ಮರಳುತ್ತದೆ ಎಂದು ವಿಶ್ವಸಂಸ್ಥೆಯ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಇಡೀ ಲೋಕದ ದೇಶಗಳೆಲ್ಲ ಸಹಿ ಹಾಕಿದ ಒಪ್ಪಂದ ಇದು. ಅದನ್ನು ನಡೆಸಿದವರಲ್ಲಿ ಏಳು ಗ್ರಾಮಿನವರೂ ಇದ್ದೇವೆ.

ಕೊನೆಗೊಂದು ವಿನಂತಿ. ಈಗ ಬರುತ್ತಿರುವ ಆರ್-290, ಆರ್-600ಎ ಬೆಂಕಿ ಹಿಡಿಯುವ ಗ್ಯಾಸುಗಳು. ಆರ್-32 ಕೂಡ ಹತ್ತಿಕೊಳ್ಳಬಲ್ಲದು. ಆರ್-12ರ ಕಾಲದ ಹಾಗೆ ಬೀಡಿ ಕಚ್ಚಿಕೊಂಡು ಲೈನು ಬಿಚ್ಚುವ ಕಾಲ ಹೋಯಿತು. ಸೆಪ್ಟೆಂಬರ್ 16, ಓಜೋನ್ ದಿನದಂದು ಸಂಘದ ಕೊಠಡಿಯಲ್ಲಿ ಇಡೀ ದಿನದ ತರಬೇತಿ ಇಟ್ಟುಕೊಂಡಿದ್ದೇವೆ. ನೀವು ಬನ್ನಿ, ನಿಮಗಿಂತ ಮುಖ್ಯವಾಗಿ ನಿಮ್ಮ ಕೈಕೆಳಗಿನ ಹುಡುಗರನ್ನು ಕಳಿಸಿ, ಅವತ್ತಿನ ಕೂಲಿ ಹಿಡಿಯಬೇಡಿ. ಪಂಪು ಬೇಕಾದವರು ಎಂದಿನಂತೆ ಪುಸ್ತಕದಲ್ಲಿ ಬರೆದು ಒಯ್ಯಬಹುದು. ವಾಪಸ್ ತರುವಾಗ ಅದರ ಆಯಿಲ್ ಬದಲಿಸಿ ತನ್ನಿ.